ಶಾಲು ಹೊದಿಸುವ ಭಾನುವಾರ

ಮುಖರ್ಜಿ ನಗರ, ದೆಹಲಿ
ನವೆಂಬರ್ ೨೦೦೬

ಅಪ್ಪನಿಗೆ ನಮಸ್ಕಾರ.

ಮಧ್ಯಾಹ್ನ ಸುಮ್ಮನೆ ನಿಂತಿರುವ ನಮ್ಮ ಹೋಟೆಲಿನ ಪಾರ್ಸೆಲ್ ಸೈಕಲ್‌ಗಳನ್ನು ಮೆಟ್ರೊ ಇಳಿದು ಮನೆಗೆ ಹೋಗುವವರಿಗೆ ಕೊಡುವ ಏರ್ಪಾಡಿಗಾಗಿ ನಮ್ಮ ಹೋಟೆಲಿರುವ ಪೀತಮ್‌ಪುರದ ಬಡಾವಣೆಯವರು ಭಾನುವಾರ ನಿಮ್ಮನ್ನು ಸನ್ಮಾನಿಸುತ್ತಾರಂತೆ. ಸಂತೋಷ. ಆದರೆ ಆ ಯೋಚನೆ ಅಮ್ಮನದು. "ಸೈಕಲ್ ಹೋದ್ರೆ ನಿನ್ನಪ್ಪ ತಂದು ಕೊಡ್ತಾನಾ?" ಎಂದು ನೀವು ಅವಳ ಮೇಲೆ ರೇಗಿದರೂ ಗಲ್ಲಾದ ಪಕ್ಕ ಕೀಲಿಗಳನ್ನು ನೇತುಹಾಕಿದವಳು ಅವಳು.

ನಿನ್ನೆ ಅವಳೇ ಫೋನ್ ಮಾಡಿದ್ದಳು. "ಅಪ್ಪನ ಪಂಚೆಗೆ ಇಸ್ತ್ರಿ ಹಾಕಿಟ್ಟಿದ್ದೇನೆ. ನಾನು ಎದುರಿನ ಸಾಲಲ್ಲಿ ಕೂತರೆ ಆಗ್ತದಾ?" ಎಂದು ಕೇಳಿದಳು.

ಶಾಲು ಹೊದಿಸಿದ ಕೂಡಲೇ ನೀವೇ ಮೈಕ್ ಹಿಡಿದು ಅವಳನ್ನು ವೇದಿಕೆಗೆ ಕರೆಯಿರಿ. 'ನನ್ನ ಹೆಂಡತಿ' ಅಂತಲ್ಲ, ಹೆಸರು ಹಿಡಿದು. ಇಲ್ಲಿನ ಕೋಚಿಂಗ್, ಪರೀಕ್ಷೆ ಹಾಗಿರಲಿ, ನಾನೂ ಬರುತ್ತೇನೆ. ನೀವು ಮರೆತರೆ ಎದ್ದು ನಿಂತು ನಾನೇ ಕೂಗುತ್ತೇನೆ.

ಇಂತಿ,
ಅಮ್ಮಣ್ಣಿಯ ಮಗಳು
ಮೋನಿಷಾ