ಮೊದಲ ದೀಪಾವಳಿಯ ಕರೆ

ನರಿಮೊಗರು
೬-೧೧-೧೯೭೮

ಮಗಳು ಸೇವಂತಿಗೆ ಅಮ್ಮನ ಆಶೀರ್ವಾದ.

ಹೇಗಿದ್ದಿ ಮಗಾ? ಕಲ್ಲುಗುಂಡಿಯ ಚಳಿಗೆ ನಿನ್ನ ಕೆಮ್ಮು ಶುರುವಾಗಿರಬೇಕು. ಕಾಳುಮೆಣಸಿನ ಕಷಾಯ ಕುಡಿ. ಬೆಲ್ಲ ಸುರಿದು ಮದ್ದನ್ನು ಪಾಯಸ ಮಾಡಬೇಡ. ಅಳಿಯಂದಿರು, ಅತ್ತೆ ಸೌಖ್ಯವಾಗಿದ್ದಾರೆಂದು ನಂಬಿದ್ದೇನೆ. ಇಲ್ಲಿ ಮಳೆ ಬಿಟ್ಟಿದೆ. ಹಿತ್ತಲಲ್ಲಿ ಅಲಸಂಡೆ ಚಪ್ಪರ ಹತ್ತಿದೆ, ಹರಿವೆ ಕೆಂಪಗೆ ಎದ್ದಿದೆ. ನೀನು ನೆಟ್ಟುಹೋದ ಗೊಂಡೆ ಹೂ ಮಾತ್ರ ಕೊಯ್ಯುವವರಿಲ್ಲದೆ ಗಿಡದಲ್ಲೇ ಒಣಗುತ್ತಿದೆ. ಮೊನ್ನೆ ಉಪ್ಪು, ಸೀಮೆಎಣ್ಣೆ ತರಲು ಪುತ್ತೂರಿಗೆ ಹೋಗಿದ್ದೆ. ಬಳೆಯಂಗಡಿಯ ಕಮಲಾವತಿ "ಮಗಳು ಅಳಿಯ ಹಬ್ಬಕ್ಕೆ ಬಂದಿದ್ರಾ?" ಎಂದು ಕೇಳಿದಳು. ಕಿವಿ ಕೇಳದವಳ ಹಾಗೆ ಬಂದುಬಿಟ್ಟೆ.

ನೀವು ಯಾಕೆ ಬರಲಿಲ್ಲವೆಂದು ಈಗ ಗೊತ್ತಾಗಿದೆ. ಮದುವೆಯಾದ ಮೊದಲ ದೀಪಾವಳಿಗೆ ಮಗಳು ಅಳಿಯನನ್ನು ತವರಿನವರೇ ಮನೆಗೆ ಹೋಗಿ ಕರೆಯಬೇಕು. ನಿನ್ನ ಅಪ್ಪನಿಗೆ ಇದು ಗೊತ್ತಿಲ್ಲದ್ದೇನಲ್ಲ. ನಾನು ಬಡಕೊಂಡೆ. "ನನ್ನ ಮಗಳು ನನ್ನ ಮನೆಗೆ ಬರ್ಲಿಕ್ಕೆ ಕರೆಯುದು ಎಂತಕ್ಕೆ ಮಾರಾಯ್ತಿ?" ಎಂದು ನನ್ನ ಬಾಯಿ ಮುಚ್ಚಿಸಿ, ಬಸ್ಸಿನ ಡ್ರೈವರ್ ಕಲಂದರನ ಹತ್ತಿರ ಹೇಳಿ ಕಳಿಸಿದರು. "ಬಸ್ಸಿನವರ ಬಾಯಲ್ಲಿ ಕರೆದ್ರೆ ಸೊಸೆಯನ್ನು ಕಳಿಸುದು ಹೇಗೆ?" ಎಂದರಂತೆ ನಿನ್ನ ಅತ್ತೆ. ಪಾಪ, ಅದನ್ನು ಹೇಳಲು ನಾಚಿ ಆ ಕಲಂದರ್ ಹಬ್ಬ ಕಳೆದ ಮೇಲೆ ಬಾಯಿಬಿಟ್ಟ. ಅತ್ತೆಯದು ತಪ್ಪೆಂದು ನಾನು ಹೇಳುವುದಿಲ್ಲ.

ನಮಗೇನು ಗೊತ್ತು? ಕಾದೆವು. ಅಪ್ಪ ಹಿಂದಿನ ಸಂಜೆಯೇ ಹಂಡೆ ತಿಕ್ಕಿ, ಬಳ್ಳಿ ಸುತ್ತಿ ನೀರು ತುಂಬಿದ್ದರು. ಬೆಳಗ್ಗೆ ಎಣ್ಣೆ ಮುಟ್ಟಲು ಯಾರನ್ನೂ ಬಿಡಲಿಲ್ಲ. "ಹೊಸ ಅಳಿಯ ಮೀಯದೆ ನಾವು ಮೀಯುದಾ?" ಎಂದರು. ಬಸ್ಸಿನ ಸದ್ದು ಕೇಳಿದಾಗಲೆಲ್ಲ ರಸ್ತೆಗೆ ಹೋಗಿ ಬಂದರು, ಒಲೆಗೆ ಸೌದೆ ಹಾಕಿದ್ದೇ ಹಾಕಿದ್ದು. ಮಧ್ಯಾಹ್ನ ದಾಟಿದ ಮೇಲೆ ಬೆಂಕಿ ಆರಿಸಿ, ಬಾವಿಯ ತಣ್ಣೀರು ಸುರಿದುಕೊಂಡು, ಉಣ್ಣದೆ ಹಿತ್ತಲಿಗೆ ಹೋದರು. ಬೈಯಬೇಕೆಂದಿದ್ದವಳಿಗೆ ಬೈಯಲಿಕ್ಕೂ ಮನಸ್ಸು ಬರಲಿಲ್ಲ. ಅಯ್ಯೋ, ಮೊದಲ ದೀಪಾವಳಿ ಒಂದೇ ಸಲ ಬರುವುದು ಮಗಾ! ಬರುವ ವರ್ಷ ಎಷ್ಟು ಚಂದದಲ್ಲಿ ಕರೆದರೂ ಅದು ಎರಡನೆಯದ್ದೇ.

ನಿನ್ನ ಸೀರೆ, ಅಳಿಯಂದಿರ ಪಂಚೆ ಪೆಟ್ಟಿಗೆಯಲ್ಲಿ ಉಂಟು. ಅತ್ತೆಗೆ ನಾನು ಕೈಮುಗಿದೆನೆಂದು ಹೇಳು. ಇಬ್ಬರೂ ತಣ್ಣಗಿರಿ.

ನಿನ್ನ ಅಮ್ಮ,
ತಿಮ್ಮಕ್ಕ

ಮತ್ತೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ: ಕಾಗದ ಅಂಚೆಗೆ ಹಾಕುವುದು ಬೇಡವಂತೆ, ಅಪ್ಪನೇ ತರುತ್ತಾರಂತೆ. ನಿಮ್ಮ ಹಟ್ಟಿಯ ಕರು ನೋಡಲು ಬಂದೆ ಎಂದಾರು. ನಂಬಿದ ಹಾಗೆ ಮಾಡು. ಈಗ ಬಚ್ಚಲ ಹಿಂದೆ ನಿಂತು, ನಿನ್ನ ಅತ್ತೆಗೆ ಹೇಳಲಿಕ್ಕೆಂದು, "ತಪ್ಪಾಯ್ತು ಅಕ್ಕ, ತಪ್ಪಾಯ್ತು" ಎಂದು ಒಬ್ಬರೇ ಹೇಳಿ ನೋಡುತ್ತಿದ್ದಾರೆ. ಯಾರ ಹತ್ತಿರವೂ ಆಡಿ ಅಭ್ಯಾಸವಿಲ್ಲದ ಮಾತು ಅದು. ಇದನ್ನು ಅವರ ಎದುರು ಓದುತ್ತಿದ್ದರೆ ಈಗಲೇ ಎದ್ದು ಅಡುಗೆಮನೆಗೆ ಹೋಗು. ಅಳುವುದಿದ್ದರೆ ಅಲ್ಲೇ ಅತ್ತು ಬಾ. ನಿನ್ನ ಕಣ್ಣೀರು ಕಂಡರೆ ಅವರು ನಿನ್ನ ಅತ್ತೆಯ ಹತ್ತಿರ ಒಂದು ಮಾತೂ ಆಡದೆ ವಾಪಸು ಬಸ್ಸು ಹತ್ತುತ್ತಾರೆ.