ಐದು ಪೆರಾಕ್ಸೈಡ್

ಜೂನ್ ೧೭, ಮಂಗಳವಾರ
ಸ್ಟಾಫ್ ರೂಮು, ಮಧ್ಯಾಹ್ನ

ಪ್ರೀತಿಯ ತರಲೆ,

ಚೆನ್ನಾಗಿದ್ದೀಯಾ ಎಂದು ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದೆ ಆ ಸಾಲನ್ನು ಬಿಟ್ಟಿದ್ದೇನೆ. ಚಿಕ್ಕಮ್ಮ ಫೋನಿನಲ್ಲಿ ಎಲ್ಲ ಹೇಳುತ್ತಿರುತ್ತಾಳೆ. ಅವಳ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಂತೆ, ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ನಿಂತು ಗಿರಾಕಿಗಳ ಮೇಲೆ ರೇಗುತ್ತೀಯಂತೆ. ರೇಗುತ್ತೀಯೆಂದರೆ ಆರೋಗ್ಯ ನೆಟ್ಟಗಿದೆ ಎಂದುಕೊಂಡೆ.

ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ವಿಜ್ಞಾನ ವಿಭಾಗಕ್ಕೆ ನಡೆದ ಪ್ರವೇಶ ಪರೀಕ್ಷೆಯಲ್ಲಿ ಹದಿನೇಳನೆಯ ಪ್ರಶ್ನೆಗೆ ನೀನು ಬರೆದ ಉತ್ತರ ಸರಿ. ನಾನು ಬರೆದ ಮಾದರಿ ಉತ್ತರ ತಪ್ಪು. ಇದನ್ನು ಬರೆಯುವಾಗ ಕಣ್ಣು ತುಂಬಬಹುದು ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ನೀನು ಮನೆ ಬಿಟ್ಟು ಹೋದಾಗಿನಿಂದ ಹೀಗೇ. ಹಲ್ಲು ಕೀಳುವ ಮುನ್ನ ಸೂಜಿ ಹಾಕಿದ ದವಡೆಯ ಹಾಗೆ ಒಳಗೆಲ್ಲ ಮರಗಟ್ಟಿದೆ. ಊಟ, ಪಾಠ, ನಿದ್ದೆ ಎಲ್ಲವೂ ತಮ್ಮ ಪಾಡಿಗೆ ನಡೆಯುತ್ತವೆ.

ಪ್ರಶ್ನೆ ನಿನಗೆ ನೆನಪಿರುತ್ತದೆ. ಆಮ್ಲದಲ್ಲಿ ನೇರಳೆ ಬಣ್ಣದ ಪರ್ಮಾಂಗನೇಟಿಗೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದರೆ ಬಣ್ಣ ಹೋಗಿ ಗುಳ್ಳೆ ಏಳುತ್ತದೆ, ಸಮೀಕರಣ ಸರಿದೂಗಿಸಿ. ನಾನು ಇಪ್ಪತ್ತೆರಡು ವರ್ಷ ಕಲಿಸಿದ್ದು ಕಣ್ಣಳತೆಯ ದಾರಿ: ಆ ಕಡೆ ಈ ಕಡೆ ಪರಮಾಣು ಎಣಿಸಿ, ವಿದ್ಯುದಂಶ ಎಣಿಸಿ, ಎರಡೂ ಹೊಂದಿದರೆ ಪೆನ್ನು ಕೆಳಗಿಡಿ. ಎರಡು ಪರ್ಮಾಂಗನೇಟಿಗೆ ಒಂದು ಪೆರಾಕ್ಸೈಡ್ ಎಂದು ಬರೆದೆ. ನೀರು, ಆಮ್ಲಜನಕಗಳನ್ನು ಅಲ್ಲಿಷ್ಟು ಇಲ್ಲಿಷ್ಟು ಹೊಂದಿಸಿದೆ. ಎಲ್ಲವೂ ಹೊಂದಿತು. ಹೊಂದಿದ್ದೇ ಎಡವಟ್ಟಾಯಿತು. ನೂರಾ ಹದಿನಾಲ್ಕು ಉತ್ತರ ಪತ್ರಿಕೆಗಳಲ್ಲಿ ಮೂರರಲ್ಲಿ ಮಾತ್ರ ಐದು ಪೆರಾಕ್ಸೈಡ್ ಇತ್ತು. ಮೂವರಿಗೂ ಸೊನ್ನೆ ಹಾಕಿದೆ. ನಾಲ್ಕು ಅಂಕದ ಪ್ರಶ್ನೆ ಅದು. ಉಳಿದಿಬ್ಬರು ಹೇಗೋ ಪಾಸಾದರು. ನಿನಗೆ ಎರಡು ಅಂಕ ಕಡಿಮೆ ಬಿತ್ತು.

ನನ್ನ ಮಾದರಿ ಉತ್ತರ ನೋಡಿದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ನೀನು ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಅಮ್ಮಾ, ಪರ್ಮಾಂಗನೇಟು ಒಂದೊಂದೂ ಐದೈದು ಎಲೆಕ್ಟ್ರಾನ್ ತಗೊಳ್ಳುತ್ತೆ. ಎರಡು ಸೇರಿ ಹತ್ತು. ನಿನ್ನ ಒಂದೇ ಒಂದು ಪೆರಾಕ್ಸೈಡು ಕೊಡೋದು ಎರಡು. ಮಿಕ್ಕ ಎಂಟು ಎಲ್ಲಿಂದ ಬಂತು, ನೀನು ಕೊಟ್ಯಾ?" ನಾನು ಪಾತ್ರೆ ತೊಳೆಯುತ್ತಿದ್ದವಳು ತಿರುಗಿಯೂ ನೋಡಲಿಲ್ಲ. "ಆನ್ಸರ್ ಕೀನಲ್ಲಿ ಇರೋದೇ ಸರಿ, ಟೀಚರ್ ಮಗಳು ಅಂತ ತಲೆ ಮೇಲೆ ಕೂರಬೇಡ" ಎಂದೆ. ಬೇರೆಯವರ ಮಗು ಕೇಳಿದ್ದರೆ ಕೈ ಒರೆಸಿಕೊಂಡು ಹಾಳೆ ತರಿಸಿಕೊಳ್ಳುತ್ತಿದ್ದೆ. ಹಾಗೆ ಮಾಡದ್ದಕ್ಕೆ ನನಗೆ ನಾಚಿಕೆಯಾಗಿದೆ.

ಕಳೆದ ಗುರುವಾರ ಪ್ರಯೋಗಶಾಲೆಯಲ್ಲಿ ಅದೇ ಪ್ರಯೋಗಕ್ಕೆ ಕೂತೆ. ಫ್ಲಾಸ್ಕಿನಲ್ಲಿ ಅಳೆದ ಪೆರಾಕ್ಸೈಡ್, ಮೇಲೆ ಹನಿಹನಿಯಾಗಿ ಅಳೆದು ಇಳಿಸುವ ಬ್ಯುರೆಟ್ಟಿನಲ್ಲಿ ಪರ್ಮಾಂಗನೇಟು. ನನ್ನ ಸಮೀಕರಣದ ಪ್ರಕಾರ ಐವತ್ತು ಮಿಲಿಲೀಟರ್ ಇಳಿಯುವವರೆಗೆ ಬಣ್ಣ ಹೋಗುತ್ತಲೇ ಇರಬೇಕಿತ್ತು. ಹತ್ತಕ್ಕೇ ನೇರಳೆ ಬಣ್ಣ ಹೋಗದೆ ನಿಂತಿತು. ಫ್ಲಾಸ್ಕು ತೊಳೆದು ಮತ್ತೆ ಮಾಡಿದೆ. ಮತ್ತೆ ಹತ್ತು, ನನ್ನ ಲೆಕ್ಕದ ಐದನೆಯ ಒಂದು ಪಾಲು, ನಿನ್ನ ಲೆಕ್ಕಕ್ಕೆ ಸರಿಯಾಗಿ. ಇದರಿಂದ ಬದುಕಿನ ಪಾಠವೇನೂ ತೆಗೆಯುವುದಿಲ್ಲ, ಹೆದರಬೇಡ; ನಿನಗೆ ಅಂಥದ್ದು ಕೇಳಿದರೆ ಮೈ ಉರಿಯುತ್ತದೆಂದು ಗೊತ್ತು.

ಶುಕ್ರವಾರ ಪ್ರಿನ್ಸಿಪಾಲರಿಗೆ ಲಿಖಿತವಾಗಿ ಕೊಟ್ಟೆ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, "ಒಂದು ವರ್ಷ ಆದ್ಮೇಲೆ ಹೇಳ್ತೀರಲ್ರೀ" ಎಂದರು. ಇನ್ನು ಪ್ರಶ್ನೆಪತ್ರಿಕೆಯ ಕೆಲಸ ನನಗಿಲ್ಲ. ದೊಡ್ಡ ತರಗತಿಗಳೂ ಇಲ್ಲ, ಎಂಟನೆಯ ತರಗತಿಗೆ ಹಾಕಿದ್ದಾರೆ. ಬೇಸರವಾಗಬೇಕಿತ್ತು. ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು ಕೆಳಗಿನ ಮಹಡಿಗೆ ಬಂದೆ, ಅಷ್ಟೇ.

ಮುಖ್ಯವಾದದ್ದು ಇದು: ನಿನ್ನ ಅಂಕ ತಿದ್ದಿದ್ದಾರೆ. ಈ ತಿಂಗಳ ಮೂವತ್ತರೊಳಗೆ ನೀನೇ ಬಂದು ಸಹಿ ಹಾಕಿದರೆ ಈ ವರ್ಷ ವಿಜ್ಞಾನ ವಿಭಾಗದಲ್ಲಿ ಸೀಟು ಕೊಡುತ್ತಾರೆ. ಮೂವತ್ತು ದಾಟಿದರೆ ಅದು ಬೇರೆಯವರಿಗೆ ಹೋಗುತ್ತದೆ. ನಾನು ಸಹಿ ಹಾಕಬಹುದೇ ಎಂದು ಕೇಳಿದೆ, ಆಗುವುದಿಲ್ಲ ಎಂದರು. ನನ್ನ ಮುಖ ನೋಡುವ ಮನಸ್ಸಿಲ್ಲದಿದ್ದರೆ ಬುಧವಾರ ಬೆಳಿಗ್ಗೆ ಬಾ, ಆಗ ನನಗೆ ಬಿಡುವಿಲ್ಲದೆ ಪಾಠವಿರುತ್ತದೆ. ಕಚೇರಿ ಗೇಟಿನ ಪಕ್ಕದಲ್ಲೇ ಇದೆ, ಮೆಟ್ಟಿಲು ಹತ್ತಬೇಕಾಗಿಲ್ಲ. ಚಿಕ್ಕಮ್ಮನ ಮನೆಯಿಂದಲೇ ಓದುತ್ತೇನೆಂದರೂ ನನ್ನ ಅಡ್ಡಿಯಿಲ್ಲ. ಮನೆಗೆ ಬರಲೇಬೇಕೆಂದು ಹೇಳುತ್ತಿಲ್ಲ. ಬಂದರೆ ಒಳ್ಳೆಯದು. ನಿನ್ನ ಕೋಣೆಯಲ್ಲಿ ಇಸ್ತ್ರಿ ಮೇಜು ಇಟ್ಟಿದ್ದೇನೆ, ಅದನ್ನು ತೆಗೆಯುವುದು ಐದು ನಿಮಿಷದ ಕೆಲಸ.

ಗಂಟೆ ಹೊಡೆಯಿತು. ಎಂಟನೆಯವರು ಕಾಯುತ್ತಿದ್ದಾರೆ.

ನಿನ್ನನ್ನು ಎಂದೂ ಎರಡು ಅಂಕದಿಂದ ಅಳೆಯಬಾರದಾಗಿದ್ದ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಲಕೋಟೆ ಅಂಟಿಸಿದ್ದನ್ನು ಹರಿದು ಬರೆಯುತ್ತಿದ್ದೇನೆ. ಪ್ರಯೋಗ ಮಾಡಿದ್ದು ನಿಜ, ಹತ್ತಕ್ಕೇ ಬಣ್ಣ ನಿಂತದ್ದೂ ನಿಜ. ಆದರೆ ಅದು ಕಳೆದ ಗುರುವಾರವಲ್ಲ. ನೀನು ಅಡುಗೆಮನೆಯ ಬಾಗಿಲಲ್ಲಿ ಜಗಳವಾಡಿದ ಮರುದಿನ, ಕಳೆದ ವರ್ಷ. ಆಯ್ಕೆಯಾದವರ ಪಟ್ಟಿ ಹೊರಬೀಳಲು ಇನ್ನೂ ಎರಡು ದಿನವಿತ್ತು. ಮಗಳಿಗಾಗಿ ಕೀ ತಿದ್ದಿದಳು ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತಾರೆಂದು ಹೆದರಿ ಬಾಯಿ ಮುಚ್ಚಿಕೊಂಡೆ. ಪ್ರಿನ್ಸಿಪಾಲರಿಗೆ ಕೊಟ್ಟ ಕಾಗದದಲ್ಲೂ ಗುರುವಾರ ಎಂದೇ ಇದೆ. ಈ ಹಾಳೆ ನಿನ್ನ ಹತ್ತಿರ ಇರಲಿ. ಸಹಿ ಹಾಕಲು ಬಂದಾಗ ಅವರಿಗೆ ತೋರಿಸಬೇಕೆನಿಸಿದರೆ ತೋರಿಸು. ನಿನ್ನ ಹೆಸರಿಲ್ಲದ ಆ ಪಟ್ಟಿಯನ್ನು ಫಲಕಕ್ಕೆ ಅಂಟಿಸಿದವಳೂ ನಾನೇ. ಗೊತ್ತಿದ್ದೂ ಅಂಟಿಸಿದೆ.