ಐದು ಚೌಕ

ಗಣಿತದ ಮೇಷ್ಟ್ರಿಗೆ, ಗುಬ್ಬಿಯ ಅಜ್ಜಿಯ ನಮಸ್ಕಾರಗಳು.

ಅಂಕ ಇಳಿದಿರುವುದರಿಂದ ಗುಬ್ಬಿಯನ್ನು ಶನಿವಾರದ ವಿಶೇಷ ತರಗತಿಯಿಂದ ಬಿಡಿಸುತ್ತೇವೆ ಎಂದು ಹೇಳಿ ಕಳಿಸಿದ್ದೀರಿ. ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟೆಲ್ಲ ಮೊಮ್ಮಗಳ ಮೇಲೆ ತೀರಿಸಿಕೊಂಡಾಯಿತು.

"ಬರೋ ಲೆಕ್ಕಾನ ಯಾಕೇ ತಪ್ಪು ಮಾಡ್ತೀಯ?" ಎಂದು ಕಿವಿ ಹಿಂಡಿದೆ.

"ಎಲ್ಲಾ ಸರಿ ಮಾಡಿದ್ರೆ ಅಂಥವೇ ಇನ್ನೂ ಇಪ್ಪತ್ತು ಕೊಡ್ತಾರಜ್ಜಿ. ಒಂದೆರಡು ತಪ್ಪು ಮಾಡಿದ್ರೆ ಅಷ್ಟನ್ನೇ ತಿದ್ದಿದ್ರೆ ಸಾಕು," ಎಂದಳು. ನಗಬೇಕೋ ಬಾರಿಸಬೇಕೋ ತಿಳಿಯಲಿಲ್ಲ.

ಹಾಗೆಂದು ಅವಳು ಸೋಮಾರಿಯಲ್ಲ. ಒಂದು ಚೌಕವನ್ನು ನಾಲ್ಕು ಚೌಕಗಳಾಗಿ ಕತ್ತರಿಸಿ ಎಂದು ಬರೆಯುವ ಬದಲು ನೀವು ಕೈತಪ್ಪಿ ಹಲಗೆಯ ಮೇಲೆ ಐದು ಎಂದು ಬರೆದು, "ಅಯ್ಯೋ, ಐದು ಆಗಲ್ಲ" ಎಂದು ಅಳಿಸಿದಿರಂತೆ. ಅಂದಿನಿಂದ ಮನೆ ತುಂಬ ಕಾಗದದ ಚೂರು. ಚಿಕ್ಕದು ದೊಡ್ಡದು ಸೇರಿಸಿ ಆರು ಮಾಡಿದಳು, ಏಳು ಮಾಡಿದಳು, ಎಂಟೂ ಮಾಡಿದಳು. ಐದು ಮಾತ್ರ ಆಗಿಲ್ಲ. "ಯಾಕಾಗಲ್ಲ?" ಎಂದು ತಟ್ಟೆಯ ಮುಂದೆ ಕೂತು ಅಳುತ್ತಾಳೆ. ಸಮಾಧಾನ ಮಾಡಲು ಹೋದರೆ, "ಸುಮ್ನಿರಜ್ಜಿ, ಮಜಾ ಬರ್ತಿದೆ" ಎಂದು ನನ್ನನ್ನೇ ಗದರಿಸುತ್ತಾಳೆ. ಕಾಗದ ಕತ್ತರಿಸಿ ಕತ್ತರಿಸಿ ನನ್ನ ಹೊಲಿಗೆಯ ಕತ್ತರಿ ಮೊಂಡಾಗಿದೆ. ಇರಲಿ, ಸಾಣೆ ಹಿಡಿಸುತ್ತೇನೆ.

ತರಗತಿಯಲ್ಲಿ ಇಟ್ಟುಕೊಳ್ಳುವುದು, ಬಿಡುವುದು ನಿಮಗೆ ಸೇರಿದ್ದು. ಐದು ಯಾಕಾಗದು ಎಂಬುದನ್ನು ಮಾತ್ರ ಅವಳಿಗೆ ಹೇಳಬೇಡಿ. ಅವಳೇ ಕಂಡುಹಿಡಿದ ದಿನ, ದಯವಿಟ್ಟು ಅಂಥದೇ ಇನ್ನೊಂದು ತಪ್ಪು ಮಾಡಿ.

ಇಂತಿ,
ಗುಬ್ಬಿಯ ಅಜ್ಜಿ